ಮಾವನ ವ್ಯಾನಿನ ಸದ್ದು

ಮಾವನ ಕುತ್ತಿಗೆಯ ಎಡಗಡೆ ಒಂದು ನರವಿತ್ತು. ಅವರು ಬೈಯಲು ಬಾಯಿ ತೆರೆಯುವ ಮೊದಲೇ ಅದು ಹೆಬ್ಬೆರಳಿನ ಗಾತ್ರಕ್ಕೆ ಊದುತ್ತಿತ್ತು. ಊದಿತೆಂದರೆ ಅಂಗಳದ ಕೋಳಿಗಳೂ ಜಾಗ ಬದಲಿಸುತ್ತಿದ್ದವು. ಆಮೇಲೆ ಹೊರಡುವ ದನಿ ನಮ್ಮ ಹಟ್ಟಿಯಿಂದ ಎದುರು ಗುಡ್ಡದ ಚಹಾ ತೋಟದವರೆಗೆ ಸಲೀಸಾಗಿ ಹೋಗುತ್ತಿತ್ತು. ಮನೆಯಲ್ಲಿ ಎಲ್ಲರೊಂದಿಗೂ ನೀಲಗಿರಿಯ ಬಡಗು ಭಾಷೆ ಮಾತಾಡುವ ಮನುಷ್ಯ ನನ್ನನ್ನು ಬೈಯುವಾಗ ಮಾತ್ರ ಕನ್ನಡಕ್ಕೆ ಬರುತ್ತಿದ್ದರು. ನಾನು ಗುಂಡ್ಲುಪೇಟೆ ಕಡೆಯಿಂದ ಬಂದ ಸೊಸೆ. ಒಂದು ಬೈಗುಳವೂ ಅರ್ಥವಾಗದೆ ದಂಡವಾಗಬಾರದು ಎಂಬ ಕಾಳಜಿ ಅವರದು.

ಅವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಸತ್ತವರ ಬಗ್ಗೆ ಹೀಗೆಲ್ಲ ಬರೆಯಬಾರದು ಎನ್ನುವವರು ಅವರ ಜೊತೆ ಒಂದು ಮಳೆಗಾಲ ಕಳೆದು ನೋಡಬೇಕಿತ್ತು. ಸಾರಿಗೆ ಉಪ್ಪು ಹೆಚ್ಚಾದರೆ ನನ್ನನ್ನು ಬೈದರು, ಕಡಿಮೆಯಾದರೆ ನನ್ನ ತವರಿನವರನ್ನೆಲ್ಲ ಹೆಸರು ಹಿಡಿದು ಬೈದರು. ಅದನ್ನು ಸಹಿಸಬಹುದಿತ್ತು. ಸಹಿಸಲಾಗದೇ ಹೋದದ್ದು ನನ್ನ ಮಗಳ ಬಗ್ಗೆ ಅವರಾಡಿದ ಮಾತು.

ಮಗಳಿಗೆ ಆಗ ಆರು ವರ್ಷ. ಇನ್ನೂ ಮಾತು ಬಂದಿರಲಿಲ್ಲ. ಸದ್ದೆಂದರೆ ಅವಳಿಗೆ ಹಿಂಸೆ. ಮಿಕ್ಸಿ ತಿರುಗಿದರೂ ಕಿರುಚಿ ತನ್ನ ಮುಂಗೈಯನ್ನೇ ಕಚ್ಚಿಕೊಳ್ಳುತ್ತಿದ್ದಳು. ಇಂಥ ಮಕ್ಕಳಿಗೆ ಕಲಿಸುವ ಊಟಿಯ ಒಂದು ತರಗತಿಯಲ್ಲಿ ಬಹಳ ಕಾದ ಮೇಲೆ ಅವಳಿಗೆ ಸೀಟು ಸಿಕ್ಕಿತ್ತು. ಆದರೆ ಗೂಡಲೂರು ಪಕ್ಕದ ನಮ್ಮ ಹಟ್ಟಿಯಿಂದ ಊಟಿಗೆ ಘಟ್ಟ ಹತ್ತಬೇಕು. ಬಸ್ಸಿನ ಗದ್ದಲ ಅವಳಿಂದ ಆಗುವುದೇ ಇಲ್ಲ. ನನ್ನ ಗಂಡ ಇದ್ದದ್ದು ಕೊಯಮತ್ತೂರಿನ ಮಿಲ್ಲಿನಲ್ಲಿ. ಉಳಿದದ್ದು ಮಾವನ ಹಳೆಯ ಡೀಸೆಲ್ ವ್ಯಾನು. ಚಹಾ ಫ್ಯಾಕ್ಟರಿಗೆ ಹಸಿರೆಲೆ ಮೂಟೆ ಹೊತ್ತು ಹೊತ್ತು ಅದರ ತಗಡೆಲ್ಲ ಸಡಿಲವಾಗಿ ಗಡಗಡ ಎನ್ನುತ್ತಿತ್ತು. ನಡುವಟ್ಟಂ ದಾಟುವಷ್ಟರಲ್ಲಿ ಮಗಳ ಕೈಯಲ್ಲಿ ರಕ್ತ ಬರುತ್ತಿತ್ತು. ತರಗತಿಯ ಸಮಯವೆಲ್ಲ ಅವಳನ್ನು ಸಮಾಧಾನ ಮಾಡುವುದಕ್ಕೇ ಸರಿಹೋಗುತ್ತಿತ್ತು. ಹೀಗೇ ಆದರೆ ಕಾಯುತ್ತಿರುವ ಇನ್ನೊಂದು ಮಗುವಿಗೆ ಸೀಟು ಕೊಡಬೇಕಾಗುತ್ತದೆ ಎಂದು ಟೀಚರ್ ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು.

ಅವತ್ತು ವಾಪಸು ಬರುವಾಗ ಮಾವ ಹೇಳಿದ್ದು ಇದು: "ಎರಡು ಏಟು ಬಿದ್ರೆ ಕೂಸು ತಾನೇ ಸರಿಯಾಗ್ತದೆ. ನೀ ಹಾಕಲ್ಲ. ಅದಕ್ಕೇ ಈ ಪಾಡು."

ಈ ಮಾತನ್ನು ನಾನು ಕ್ಷಮಿಸಿಲ್ಲ. ಇದನ್ನು ಬರೆಯುತ್ತಿರುವ ಹೊತ್ತಿನಲ್ಲೂ ಕ್ಷಮಿಸಿಲ್ಲ.

ಗೂಡಲೂರಿನಲ್ಲಿ ಸೀಟು ಕವರ್ ಹೊಲಿಯುವ ಮಲಯಾಳಿಯೊಬ್ಬ ಗಾಡಿಗಳ ಒಳಗೆ ಸದ್ದು ಬಾರದಂತೆ ಮಾಡುವ ಕೆಲಸವನ್ನೂ ಹಿಡಿಯುತ್ತಿದ್ದ. ಹೋಗಿ ವಿಚಾರಿಸಿದೆ. ಒಳಗಿನದೆಲ್ಲ ಬಿಚ್ಚಿ, ತಗಡಿನ ಮೇಲೆ ದಪ್ಪನೆಯ ಕಪ್ಪು ಅಂಟುಶೀಟು ಒತ್ತಿ, ಅದರ ಮೇಲೆ ಫೋಮು ಹಾಸಿ, ಬಾಗಿಲ ಸುತ್ತ ಹೊಸ ರಬ್ಬರು ಕೂರಿಸಬೇಕು ಎಂದ. ಮನೆಗೆ ಬಂದು ಮಾವನಿಗೆ ಹೇಳಿದೆ. ನರ ಊದಿತು.

"ಎಲೆ ಹೊರೋ ವಂಡಿಗೆ ಹಾಸಿಗೆ ಹಾಸ್ತಾಳಂತೆ! ನಾಳೆ ಅದಕ್ಕೆ ದಿಂಬೂ ಕೇಳ್ತೀಯಾ?"

"ವ್ಯಾನಿಗಲ್ಲ ಮಾವ, ಕೂಸಿಗೆ ಕೇಳ್ತಿರೋದು."

"ನನ್ನ ವಂಡಿಗೆ ಏನು ಮಾಡ್ಬೇಕು ಅಂತ ನಂಗೊತ್ತು. ನೀ ಒಳಗೋಗು."

ಅವರಿಗೆ ಗೊತ್ತಿದ್ದದ್ದು ಇಷ್ಟು. ಫ್ಯಾಕ್ಟರಿಯಲ್ಲಿ ಚಹಾಪುಡಿ ಜರಡಿ ಹಿಡಿದ ಮೇಲೆ ನಾರುನಾರಾದ ಕಸ ಉಳಿಯುತ್ತದೆ. ಮಾವ ಅದನ್ನು ಮೂಟೆಯಲ್ಲಿ ಹೊತ್ತು ತಂದರು. ವ್ಯಾನಿನ ಬಾಗಿಲುಗಳ ಒಳಹಲಗೆ ಬಿಚ್ಚಿ, ಟೊಳ್ಳು ಇದ್ದ ಕಡೆಯೆಲ್ಲ ಗಿಡಿದು ತುಂಬಿದರು. ನೆಲದ ಮ್ಯಾಟಿನ ಅಡಿಗೂ ಹಾಸಿದರು. ಸದ್ದು ನಿಜಕ್ಕೂ ಸ್ವಲ್ಪ ಇಳಿಯಿತು. ಮಾವ ಎದೆಯುಬ್ಬಿಸಿಕೊಂಡು ಹಟ್ಟಿಯೆಲ್ಲ ಓಡಾಡಿದರು.

ಆಮೇಲೆ ಮಳೆ ಹಿಡಿಯಿತು. ಕಿಟಕಿ ಗಾಜಿನ ಸಂದಿಯಿಂದ ಬಾಗಿಲೊಳಗೆ ನೀರಿಳಿಯುತ್ತದೆ ಎಂಬುದು ಸ್ಟೀರಿಂಗ್ ಹಿಡಿದೇ ಮುದುಕರಾದ ಈ ಮನುಷ್ಯನಿಗೆ ಹೊಳೆದಿರಲಿಲ್ಲ. ಕಸ ನೆನೆದು ಉಬ್ಬಿ ಗಾಜುಗಳು ಅರ್ಧಕ್ಕೇ ಸಿಕ್ಕಿಕೊಂಡವು. ತಿರುವಿನಲ್ಲಿ ಗಾಡಿ ವಾಲಿದಾಗಲೆಲ್ಲ ಬಾಗಿಲ ತಳದಿಂದ ಕೆಂಪು ಡಿಕಾಕ್ಷನ್ ಸುರಿಯಿತು. ಒಳಗೆಲ್ಲ ಹುಳಿ ನಾತ. ಮಗಳು ವಾಂತಿ ಮಾಡಿಕೊಂಡಳು. ಪೈಕಾರದ ಹತ್ತಿರ ಗಾಡಿ ನಿಲ್ಲಿಸಿದಾಗ ಟೀ ಅಂಗಡಿಯವನು ಬಗ್ಗಿ ನೋಡಿ, "ಅಯ್ಯಾ, ಲೋಟ ಹಿಡೀಲಾ? ಹಾಲು ಸಕ್ಕರೆ ನಂದೇ ಹಾಕ್ತೀನಿ" ಎಂದ. ನಾನು ಜೋರಾಗಿ ನಕ್ಕುಬಿಟ್ಟೆ. ಮಾವನ ಎದುರಿಗೆ ಹಾಗೆ ನಕ್ಕದ್ದು ಅದೊಂದೇ ಸಲ. ಬಹಳ ಸುಖವಾಗಿತ್ತು.

ಮರುದಿನ ಬೆಳಿಗ್ಗೆಯೇ ವ್ಯಾನು ಮಾಯ. ಮಾವ ಮಲಯಾಳಿಯ ಅಂಗಡಿಗೆ ಹೋಗಿದ್ದರು. ಕೊಳೆತ ಕಸವನ್ನೆಲ್ಲ ತೆಗೆಸಿ, ಅವನು ಅಂಟಿಸಿದ ಶೀಟಿನಲ್ಲಿ ಗುಳ್ಳೆ ಉಳಿದಿದೆ ಎಂದು ಜಗಳ ತೆಗೆದು, ಕೊನೆಗೆ ಅವನ ಕೈಯಿಂದ ರೋಲರ್ ಕಿತ್ತುಕೊಂಡು ತಾವೇ ಮಂಡಿಯೂರಿ ಒತ್ತಿದರಂತೆ. ಮನೆಗೆ ಬಂದವರು ನನಗೆ ಹೇಳಿದ್ದು: "ನಿನ್ನ ಮಾತಿಗಲ್ಲ. ನಾತ ತಡೀಲಾರದೆ ಮಾಡ್ಸಿದ್ದು."

ಮುಂದಿನ ಸಲ ಘಟ್ಟ ಹತ್ತುವಾಗ ತಗಡು ಗಡಗಡಿಸಲಿಲ್ಲ. ಇಂಜಿನ್ನಿನ ಸದ್ದು ಎಲ್ಲೋ ದೂರದಿಂದ ಬಂದಂತಿತ್ತು. ಮಗಳು ಕಿವಿಯಿಂದ ಕೈ ತೆಗೆದು ಸೀಟಿನ ಬಟ್ಟೆಯನ್ನು ಸವರುತ್ತಾ ಕೂತಿದ್ದಳು. ಅಷ್ಟರಲ್ಲಿ ಪ್ರವಾಸಿಗರ ಕಾರೊಂದು ತಿರುವಿನಲ್ಲಿ ನಮ್ಮ ಪಕ್ಕಕ್ಕೇ ನುಗ್ಗಿ ಬಂತು. ಮಾವ ಬ್ರೇಕು ಒತ್ತಿ ಬೈದರು. ಇಷ್ಟು ದಿನ ಗಾಡಿಯ ಗದ್ದಲದಲ್ಲಿ ಅರ್ಧ ಮುಚ್ಚಿಹೋಗುತ್ತಿದ್ದ ಆ ದನಿ ಈಗ ಒಳಗೆಲ್ಲ ತುಂಬಿಕೊಂಡಿತು. ಮಗಳು ಕಿರುಚಿ ಮುಂಗೈಗೆ ಬಾಯಿ ಹಾಕಿದಳು.

"ಎಲ್ಲಾ ಸದ್ದೂ ಹೋಯ್ತು ಮಾವ," ಎಂದೆ. "ಈಗ ಉಳ್ದಿರೋದು ನಿಮ್ದೊಂದೇ."

ಹೊಡೆದೇಬಿಡುತ್ತಾರೆ ಎಂದುಕೊಂಡೆ. ಅವರು ಕನ್ನಡಿಯಲ್ಲಿ ಮಗಳ ಕೈಯನ್ನೇ ನೋಡುತ್ತಿದ್ದರು. ಆ ಕಾರಿಗೆ ದಾರಿ ಬಿಟ್ಟು ಮೆಲ್ಲಗೆ ಗೇರು ಹಾಕಿದರು.

ಬೈಯುವುದನ್ನೇ ಬಿಟ್ಟರು ಎಂದುಕೊಳ್ಳಬೇಡಿ. ಆಮೇಲಿಂದ ರಸ್ತೆಯಲ್ಲಿ ಯಾರಾದರೂ ಅಡ್ಡ ಬಂದರೆ ವ್ಯಾನನ್ನು ಪಕ್ಕಕ್ಕೆ ನಿಲ್ಲಿಸಿ, ಇಳಿದು, ಎರಡೂ ಕೈಯಿಂದ ಬಾಗಿಲನ್ನು ಮೆಲ್ಲಗೆ ಒತ್ತಿ ಹಾಕಿ, ಸ್ವಲ್ಪ ಆಚೆ ಹೋಗಿ ಬೈದು ಬರುತ್ತಿದ್ದರು. ತಪ್ಪು ಮಾಡಿದವನು ಅಷ್ಟರಲ್ಲಿ ಎಲ್ಲಿಗೋ ಹೋಗಿರುತ್ತಿದ್ದ. ಮಾವ ಬರೀ ರಸ್ತೆಗೆ ಕೈ ಬೀಸಿ ಬೀಸಿ ಬೈಯುತ್ತಿದ್ದರು. ಒಳಗೆ ಕೂತ ನಮಗೆ ಬಾಯಿ ಆಡುವುದಷ್ಟೇ ಕಾಣುತ್ತಿತ್ತು. ತಡೆದಿಟ್ಟದ್ದನ್ನೆಲ್ಲ ಮನೆಗೆ ಬಂದು ನನ್ನ ಮೇಲೆ ತೀರಿಸಿಕೊಳ್ಳುತ್ತಿದ್ದರು. ಮಗಳನ್ನು ಪಕ್ಕದ ಮನೆಗೆ ಬಿಟ್ಟುಬಂದು ನಾನೂ ಸರಿಯಾಗಿ ತಿರುಗಿ ಕೊಡುತ್ತಿದ್ದೆ. ತರಗತಿಯಲ್ಲಿ ಅವಳ ಸೀಟು ಮಾತ್ರ ಉಳಿಯಿತು.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ, ಊಟಿ ಇನ್ನೇನು ಹತ್ತಿರ ಬಂತು ಎನ್ನುವಾಗ, ಮಾವ ವ್ಯಾನು ನಿಲ್ಲಿಸಿ ಇಳಿದು ಬಾಗಿಲು ಹಾಕಿದರು. ರಸ್ತೆ ಬದಿಯ ಕಟ್ಟೆ ಹಿಡಿದು ಬಾಯಿ ತೆರೆದರು. ಇವತ್ತು ಯಾರ ಗ್ರಹಚಾರವೋ ಎಂದು ನಾನು ಮುಖ ತಿರುಗಿಸಿಕೊಂಡೆ. ಆದರೆ ಹಿಂದೆ ಮುಂದೆ ಒಂದು ಗಾಡಿಯೂ ಇರಲಿಲ್ಲ. ಮತ್ತೆ ನೋಡಿದಾಗ ಅವರ ಕೈ ಎದೆಯನ್ನು ಹಿಂಡುತ್ತಿತ್ತು. ಬಾಗಿಲು ತೆರೆದು ಹೊರಗೆ ಓಡಿದ ಮೇಲೆಯೇ ನನಗೆ ಆ ನರಳಾಟ ಕೇಳಿಸಿದ್ದು.

"ಬಾಗ್ಲಾಕೇ," ಎಂದರು. "ಕೂಸಿಗೆ ಕೇಳ್ತದೆ."

ಮುಂದೆ ಬರುವ ಯಾವುದಾದರೂ ಗಾಡಿ ನಿಲ್ಲಿಸಿ ಆಸ್ಪತ್ರೆಗೆ ಹೋಗೋಣ ಎಂದು ಅಂಗಲಾಚಿದೆ. "ಬೇರೆ ವಂಡಿ ಹತ್ತಿಸಿದ್ರೆ ಕೂಸು ಕಿರುಚ್ತದೆ. ಮೊದ್ಲು ಅದರ ಕ್ಲಾಸು." ನನಗೆ ಆಗ ಗಾಡಿ ಓಡಿಸಲು ಬರುತ್ತಿರಲಿಲ್ಲ. ಟವೆಲ್ಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಅವರೇ ಓಡಿಸಿದರು. ದಾರಿಯುದ್ದಕ್ಕೂ ಮಗಳು ಒಮ್ಮೆಯೂ ಕಿವಿ ಮುಚ್ಚಿಕೊಳ್ಳಲಿಲ್ಲ. ಅವಳು ತರಗತಿಯ ಒಳಗೆ ಹೋದದ್ದನ್ನು ನೋಡಿ ಮಾವ ಸ್ಟೀರಿಂಗ್ ಮೇಲೆ ಕುಸಿದರು. ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯಲ್ಲಿ ಎಲ್ಲ ಮುಗಿಯಿತು.

ನೇರವಾಗಿ ಕರೆತಂದಿದ್ದರೆ ಉಳಿಯುತ್ತಿದ್ದರೇನೋ ಎಂದರು ಡಾಕ್ಟರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಬೇಡದ ಕಡೆಯೆಲ್ಲ ಬಾಯಿ ಮಾಡಿದ ಮನುಷ್ಯ ಬೇಕಾದ ಗಳಿಗೆಯಲ್ಲಿ ಸುಮ್ಮನಿದ್ದರೆ ಇನ್ನೇನು ಬರುತ್ತದೆ? ಆ ಸಿಟ್ಟು ಇನ್ನೂ ಇಳಿದಿಲ್ಲ. ಅವರ ಋಣ ತೀರಿಸುವ ದಾರಿಯೂ ಕಾಣುವುದಿಲ್ಲ.

ಈಗ ವ್ಯಾನನ್ನು ನಾನೇ ಓಡಿಸುತ್ತೇನೆ. ಮಗಳಿಗೆ ಒಂದೊಂದೇ ಮಾತು ಬರುತ್ತಿದೆ. ಇನ್ನಷ್ಟು ಬಂದ ಮೇಲೆ, ತಾತ ಹೇಗೆ ಸತ್ತರು ಎಂದು ಒಂದು ದಿನ ಕೇಳಿಯಾಳು. ನಿನಗೋಸ್ಕರ ಬಾಯಿ ಮುಚ್ಚಿಕೊಂಡು ಸತ್ತರು ಎಂದು ಹೇಳಬೇಕು. ನಮ್ಮ ಹಟ್ಟಿಯಲ್ಲಿ ಇದನ್ನು ಯಾರೂ ನಂಬುವುದಿಲ್ಲ.