ಕಡಿಮೆ ಖರ್ಚಿನ ಕಾಡೆಮ್ಮೆ

ಮೊಟ್ಟೆಯ ವಾಸನೆಗೂ ಮೂಗು ಮುಚ್ಚಿಕೊಳ್ಳುತ್ತಿದ್ದ ಮೈಸೂರಿನ ಮನೆಯಲ್ಲಿ ಹುಟ್ಟಿದವಳು ನಾನು. ಆದರೆ ಆಫ್ರಿಕಾದ ಕಾಡೆಮ್ಮೆಯನ್ನು ಕಡಿಮೆ ಖರ್ಚಿನಲ್ಲಿ ಬೇಟೆಯಾಡುವುದು ಹೇಗೆ ಎಂದು ಇವತ್ತು ಯಾರಾದರೂ ಕೇಳಿದರೆ ನಿಂತ ನಿಲುವಿನಲ್ಲೇ ಹೇಳಬಲ್ಲೆ. ಬಂದೂಕು ಇಲ್ಲಿಂದ ಹೊತ್ತುಕೊಂಡು ಹೋಗಬೇಡಿ, ಅಲ್ಲೇ ಬಾಡಿಗೆಗೆ ಸಿಗುತ್ತದೆ. ಕೊಂಬಿನ ಆಸೆ ಬಿಡಿ. ಕೋಣ ಬೇಡ, ಎಮ್ಮೆ ಸಾಕು. ಇಬ್ಬರು ಸೇರಿ ಒಬ್ಬ ಗೈಡನ್ನು ಇಟ್ಟುಕೊಳ್ಳಿ. ಇದನ್ನೆಲ್ಲ ಕಲಿತದ್ದು ಕ್ಯಾಲಿಫೋರ್ನಿಯಾದ ಮಾರ್ಗನ್ ಹಿಲ್ಲಿನ ನಮ್ಮ ಊಟದ ಮೇಜಿನ ಮುಂದೆ, ಕೊಡಗಿನ ಗಂಡನ ಜೊತೆ ಜಗಳವಾಡುತ್ತಾ. ಈಗ ಜಗಳವಾಡಲು ಅವರಿಲ್ಲ. ಕಲಿತದ್ದು ಮಾತ್ರ ತಲೆಯಲ್ಲಿ ಹಾಗೇ ಕೂತಿದೆ, ಏನು ಮಾಡಲಿ ಅದನ್ನು?

ಅವರು ಹುಟ್ಟಿದ ಮನೆಯಲ್ಲಿ ಕೋವಿಗೆ ದೇವರ ಪಕ್ಕದಲ್ಲಿ ಜಾಗ. ಕೈಲ್ ಮುಹೂರ್ತದ ದಿನ ಅದಕ್ಕೆ ಹೂವಿಟ್ಟು, ಗಂಧ ಹಚ್ಚಿ ಪೂಜೆ. ಅಜ್ಜ ಕಾಟಿ, ಅಂದರೆ ಕಾಡುಕೋಣ, ಹೊಡೆದ ಕತೆಯನ್ನು ಕೇಳುತ್ತಲೇ ಬೆಳೆದವರು. ಆದರೆ ಇವರ ಕೈಗೆ ಕೋವಿ ಬರುವ ಹೊತ್ತಿಗೆ ಕಾಡಿನಲ್ಲಿ ಬೇಟೆ ನಿಂತುಹೋಗಿತ್ತು. ಕಾನೂನು ಬಂದದ್ದು ಒಳ್ಳೆಯದೇ ಆಯಿತು ಎಂದು ಅವರೇ ಹೇಳುತ್ತಿದ್ದರು. ಹೇಳಿದ ಮೇಲೆ ಒಂದು ನಿಟ್ಟುಸಿರನ್ನೂ ಬಿಡುತ್ತಿದ್ದರು.

"ನಮ್ಮ ಮನೇಲಿ ಹಬ್ಬದ ಪಂದ್ಯದ ತೆಂಗಿನಕಾಯಿಗೆ ಮಾತ್ರ ಗುಂಡು ಹೊಡೆದ ಮೊದಲನೇ ಗಂಡಸು ನಾನೇ ಕಣೇ."

"ತೆಂಗಿನಕಾಯಿಯಾದರೆ ಚಟ್ನಿಗಾದರೂ ಆಗುತ್ತೆ ಬಿಡಿ," ಎನ್ನುತ್ತಿದ್ದೆ ನಾನು.

ಕ್ಯಾಲಿಫೋರ್ನಿಯಾಕ್ಕೆ ಬಂದು ಎಷ್ಟೋ ವರ್ಷ ಅವರಿಗೆ ಆಫೀಸು, ಮೀಟಿಂಗು, ಫ್ರೀವೇ ಬಿಟ್ಟರೆ ಬೇರೆ ಲೋಕವಿರಲಿಲ್ಲ. ಮಗಳು ಕಾಲೇಜಿಗೆ ಹೋದ ಮೇಲೆ ಗಿಲ್‌ರಾಯ್ ಆಚೆಯ ಗುಡ್ಡದಲ್ಲಿ ದನ ಸಾಕುವ ಒಬ್ಬ ಬಿಳಿಯನ ಪರಿಚಯವಾಯಿತು. ಹೆಚ್ಚು ಮಾತಿಲ್ಲದ, ಉದ್ದನೆಯ ಮನುಷ್ಯ. ಅವನ ಜಮೀನನ್ನು ಕಾಡುಹಂದಿಗಳು ಅಗೆದು ಹಾಳುಮಾಡುತ್ತಿದ್ದವು. ಲೈಸೆನ್ಸು ಮಾಡಿಸಿಕೊಂಡು ಬಾ, ಹೊಡಿ ಎಂದ. ಇವರು ಹೋದರು. ಮೊದಲ ಹಂದಿ ಬಿದ್ದ ದಿನ ಅವನ ಅಂಗಳದಲ್ಲಿ ಪೇಪರು ಹಾಸಿ, ನಮ್ಮೂರಿನ ಕ್ರಮ ಎಂದು ಪಾಲು ಹಾಕಿದರಂತೆ. ಹೊಡೆದವನಿಗೆ ಒಂದು, ಜೊತೆಗೆ ಬಂದವರಿಗೆಲ್ಲ ಒಂದೊಂದು, ನಾಯಿಗೂ ಒಂದು. ಬೇಟೆಗೆ ಬಂದವರು ಬರಿಗೈಲಿ ಹೋಗಕೂಡದು. ಜಮೀನು ಅವನದು, ಫ್ರೀಜರು ಅವನದು, ಆದರೂ ತನ್ನ ಪಾಲನ್ನು ಎರಡೂ ಕೈ ಚಾಚಿ ತೆಗೆದುಕೊಂಡನಂತೆ. ಆಮೇಲೆ ಅವನು ಒಬ್ಬನೇ ಹಂದಿ ಹೊಡೆದ ದಿನವೂ ನಮ್ಮ ಮನೆಗೆ ಪಾಲು ತಪ್ಪುತ್ತಿರಲಿಲ್ಲ.

ಆ ಹಂದಿಯ ಪಂದಿ ಕರಿ ಮಾಡುತ್ತಿದ್ದವಳು ನಾನು. ಆಶ್ಚರ್ಯಪಡಬೇಡಿ. ಮದುವೆಯಾದ ಹೊಸದರಲ್ಲಿ ಅತ್ತೆ ಪಕ್ಕದಲ್ಲಿ ನಿಂತು ಕಲಿಸಿದ್ದರು. ಮೆಣಸು ಹುರಿಯುವುದು, ಮಾಂಸ ಬೇಯಿಸುವುದು, ಕೊನೆಯಲ್ಲಿ ಕೊಡಗಿನ ಕಪ್ಪು ಹುಳಿ ಕಾಚಂಪುಳಿ ಬಿಡುವುದು, ಎಲ್ಲವೂ ಬರುತ್ತಿತ್ತು. ತಿನ್ನುತ್ತಿರಲಿಲ್ಲ ಅಷ್ಟೇ. ಹಾಗಾಗಿ ರುಚಿ ನೋಡುವ ಕೆಲಸ ಅವರದು. ಸೌಟಿನಲ್ಲಿ ಒಂದಿಷ್ಟು ತೆಗೆದು ಅವರ ಅಂಗೈಗೆ ಹಾಕಿ, "ಉಪ್ಪು ನೋಡಿ" ಎನ್ನುತ್ತಿದ್ದೆ. ಕಣ್ಣು ಮುಚ್ಚಿ ಚಪ್ಪರಿಸಿ, "ಸರಿಯಿದೆ ಕಣೇ" ಎನ್ನುತ್ತಿದ್ದರು. ಒಂದು ಸಲವೂ ಬೇರೆ ಮಾತು ಬಂದದ್ದಿಲ್ಲ. ನನಗೆ ಒಳಗೊಳಗೇ ಹೆಮ್ಮೆ. ಗಿಲ್‌ರಾಯ್‌ನವನು ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಚೊಂಬು ಚೊಂಬು ನೀರು ಕುಡಿಯುತ್ತಿದ್ದ. ಪಾಪ, ಬಿಳಿಯ, ಖಾರ ತಡೆಯುವುದಿಲ್ಲ ಎಂದುಕೊಳ್ಳುತ್ತಿದ್ದೆ.

ಅವನು ಹಾಗೆ ನೀರು ಕುಡಿಯುತ್ತಾ ಕೂತಿದ್ದ ಒಂದು ಭಾನುವಾರವೇ ಆಫ್ರಿಕಾದ ಮಾತು ಹುಟ್ಟಿದ್ದು. ಅಲ್ಲಿ ಕಾಡೆಮ್ಮೆಯ ಬೇಟೆಗೆ ಅನುಮತಿಯಿದೆ, ಒಬ್ಬೊಬ್ಬರೇ ಹೋದರೆ ದುಬಾರಿ, ಇಬ್ಬರಾದರೆ ಗೈಡಿನ ಖರ್ಚು ಅರ್ಧ ಎಂದ. ಇವರ ಮುಖ ನೋಡಬೇಕಿತ್ತು. ಅಜ್ಜನ ಕಾಟಿ ನೇರ ನಮ್ಮ ಊಟದ ಕೋಣೆಗೇ ನುಗ್ಗಿ ಬಂದ ಹಾಗಿತ್ತು.

ನಾನು ಸುಮ್ಮನಿರುತ್ತೇನೆಯೇ? ಅಷ್ಟು ದೂರ ಹೋಗಿ ಪಾಪದ ಪ್ರಾಣಿಯನ್ನು ಕೊಲ್ಲುವುದು ಯಾವ ಪುರುಷಾರ್ಥಕ್ಕೆ ಎಂದು ಕೂಗಾಡಿದೆ. ಮಗಳು ಫೋನಿನಲ್ಲಿ, "ಅಪ್ಪ, ದಟ್ ಈಸ್ ಸೋ ರಾಂಗ್," ಎಂದಳು. ಅವರು ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತರು.

"ಒಂದೇ ಒಂದು ಸಲ. ಕಾನೂನು ಪ್ರಕಾರ ಹೊಡೆದು, ನಾನೇ ಪಾಲು ಹಾಕಿ ಬರ್ತೀನಿ. ಆಮೇಲೆ ಕೋವಿ ಪೂಜೆಗೆ ಮಾತ್ರ. ಆಯ್ತಾ?"

ಆ "ಆಯ್ತಾ"ಗೆ ನಾನು ಸೋತೆ. ಮೂವತ್ತು ವರ್ಷದಲ್ಲಿ ತನಗಾಗಿ ಒಂದು ಒಳ್ಳೆಯ ವಾಚು ಕೂಡ ಕೊಳ್ಳದ ಮನುಷ್ಯ. ಕೇಳಿದ್ದು ಎಮ್ಮೆಯನ್ನು. ಸರಿ, ಹೋಗುವುದಾದರೆ ದುಂದು ಮಾಡಿ ಹೋಗಕೂಡದು ಎಂದು ಯೋಜನೆಯನ್ನು ನನ್ನ ಕೈಗೆ ತೆಗೆದುಕೊಂಡೆ. ನಾವು ಮೈಸೂರಿನವರು, ಮದುವೆಯ ಊಟದ ಪಟ್ಟಿಯಲ್ಲೇ ಎರಡು ಪಲ್ಯ ಹೊಡೆದುಹಾಕುವ ಜನ. ಮೊದಲು ಹೋದದ್ದು ಎಮ್ಮೆಯ ತಲೆಯನ್ನು ಗೋಡೆಗೆ ನೇತುಹಾಕುವ ಆಸೆ.

"ಅದನ್ನ ಹಾಲ್‌ನಲ್ಲಿ ನೇತು ಹಾಕಿದರೆ ನಾನು ಅಲ್ಲಿ ಕೂರಲ್ಲ."

"ಬೇಡ ಬಿಡು. ನಂಗೂ ಅದು ಸೇರಲ್ಲ."

ಕೊಂಬು ಬೇಡವೆಂದ ಮೇಲೆ ಕೋಣ ಯಾಕೆ ಎಂದೆ. ಹೆಣ್ಣಾದರೆ ಬೆಲೆ ಎಷ್ಟೋ ಇಳಿಯುತ್ತದೆ ಎಂದು ಅಷ್ಟರಲ್ಲಿ ಓದಿ ತಿಳಿದಿದ್ದೆ. ಅಜ್ಜ ಹೊಡೆದದ್ದು ಗಂಡು ಕಾಟಿ ಎಂದು ಗೊಣಗಿದರು. ಆಮೇಲೆ ತಾವೇ ನಕ್ಕು, ಅಟ್ಟಿಸಿಕೊಂಡು ಬಂದರೆ ಕೋಣವೂ ಒಂದೇ ಎಮ್ಮೆಯೂ ಒಂದೇ ಎಂದರು. ಮಾಂಸವನ್ನು ಅಮೆರಿಕಾಕ್ಕೆ ತರುವ ಹಾಗಿಲ್ಲ, ಅಲ್ಲಿನ ಕೆಲಸದವರಿಗೆ, ಹಳ್ಳಿಯವರಿಗೆ ಹೋಗುತ್ತದೆ ಎಂದು ಅಲ್ಲಿಯ ಗೈಡು ಬರೆದಾಗ ಮಾತ್ರ ಮಗುವಿನ ಹಾಗೆ ಖುಷಿಪಟ್ಟರು. ಅಲ್ಲೂ ಎಲ್ಲರಿಗೂ ಪಾಲುಂಟು ಎಂದು ಗಿಲ್‌ರಾಯ್‌ಗೆ ಫೋನು ಮಾಡಿ ಹೇಳಿದರು. ಜೂನ್ ತಿಂಗಳಿಗೆ ಬುಕ್ ಆಯಿತು.

ಎಮ್ಮೆಯ ಹೆಜ್ಜೆ ಹಿಡಿದು ದಿನಗಟ್ಟಲೆ ನಡೆಯಬೇಕು. ಅದಕ್ಕೆ ತಯಾರಿಯಾಗಿ ಬೆನ್ನಿನ ಬ್ಯಾಗಿಗೆ ಸೋನಾ ಮಸೂರಿ ತುಂಬಿಕೊಂಡು ಬೆಳಿಗ್ಗೆ ಮನೆಯ ಹಿಂದಿನ ಗುಡ್ಡ ಹತ್ತುವುದು ಶುರುವಾಯಿತು. ನಾನೂ ಹೋಗುತ್ತಿದ್ದೆ. ಅರ್ಧ ದಾರಿಯಲ್ಲಿ ನಿಂತು, "ನೋಡೇ, ಗಿಡುಗ" ಎನ್ನುವರು. ಇನ್ನೊಂದು ತಿರುವಿನಲ್ಲಿ ಶೂ ಲೇಸು. ಮತ್ತೊಂದರಲ್ಲಿ ಊರಿನ ನೆನಪು. ಕತೆ ಹೇಳುವುದಿದ್ದರೆ ಕೂತು ಹೇಳಿ ಎಂದು ನಾನು ರೇಗಿಸುತ್ತಿದ್ದೆ. ಕೆಮ್ಮು ಇತ್ತು. ಕೇಳಿದರೆ, ಸರಿಯಿದೆ ಕಣೇ, ಧೂಳು ಅಷ್ಟೇ ಎನ್ನುವರು.

ಒಂದು ದಿನ ಅಡುಗೆಮನೆಯಲ್ಲಿ ನೋಡುತ್ತೇನೆ, ಅಕ್ಕಿ ಡಬ್ಬ ತುಂಬಿ ತುಳುಕುತ್ತಿದೆ. ನಾನು ಹೊಸ ಚೀಲ ಒಡೆದಿರಲಿಲ್ಲ. ಬ್ಯಾಗಿನಿಂದ ಸ್ವಲ್ಪ ಸ್ವಲ್ಪವೇ ಅಕ್ಕಿ ತೆಗೆದು ವಾಪಸು ಸುರಿಯುತ್ತಿದ್ದರು. ಬ್ಯಾಗು ಎತ್ತಿ ನೋಡಿದೆ. ಒಳಗಿದ್ದದ್ದು ಒಂದು ಟವೆಲು. ಹೊರಗಿನಿಂದ ಉಬ್ಬಿ ಕಾಣಲಿ ಎಂದು ಮಡಿಸಿ ತುರುಕಿದ್ದರು. ಅಂದೇ ಡಾಕ್ಟರಿಗೆ ಫೋನು ಮಾಡಿದೆ.

ಡಾಕ್ಟರು ಸ್ಕ್ಯಾನ್ ತೋರಿಸಿ ಹೇಳಿದರು. ಶ್ವಾಸಕೋಶ ಒಳಗಿನಿಂದ ಗಟ್ಟಿಯಾಗುತ್ತಾ ಬರುತ್ತಿದೆ, ನಿಧಾನ ಮಾಡಬಹುದು, ಹಿಂದಕ್ಕೆ ತಿರುಗಿಸಲಾಗದು. ಕಾರು ಮನೆ ಹತ್ತಿರ ಬಂದಾಗ ಅವರು, "ಜೂನಿಗೆ ಇನ್ನೂ ಟೈಮಿದೆ," ಎಂದರು. ನಾನು ಹೂಂ ಎಂದೆ.

ಆಮೇಲೂ ಯೋಜನೆ ನಡೆಯಿತು. ಖರ್ಚಿಗಾಗಿ ಒಂದೊಂದನ್ನೇ ಕತ್ತರಿಸುತ್ತಿದ್ದವಳು ಈಗ ಉಸಿರಿಗಾಗಿ ಕತ್ತರಿಸುತ್ತಾ ಹೋದೆ. ನಡಿಗೆಯನ್ನು ಬಿಟ್ಟು ಜೀಪಿನಲ್ಲಿ ಹೋಗಿ, ನೀರಿನ ಹತ್ತಿರ ಕಾದು ಕೂರಬಹುದೇ ಎಂದು ಗೈಡಿಗೆ ಬರೆದೆ. ಆಗಬಹುದು ಎಂದ. ಮೂಗಿಗೆ ಆಕ್ಸಿಜನ್ ನಳಿಗೆ ಬಂದ ಮೇಲೆ ಗುಂಡು ಹೊಡೆಯುವುದನ್ನೂ ಬಿಟ್ಟೆವು. ಗಿಲ್‌ರಾಯ್‌ನವನು ಹೊಡೆಯಲಿ, ಇವರು ಜೀಪಿನಲ್ಲಿ ಕೂತು ನೋಡಲಿ. ಸುಮ್ಮನೆ ನೋಡಲು ಬರುವವರಿಗೆ ದರವೂ ಕಡಿಮೆ. ಅದನ್ನೂ ಓದಿ ಹೇಳಿದೆ.

"ನೋಡಕ್ಕೆ ಹೋದರೂ ಪಾಲುಂಟು," ಎಂದರು ಅವರು. ಅಷ್ಟು ಹೇಳಲು ಎರಡು ಸಲ ನಿಲ್ಲಬೇಕಾಯಿತು.

ಗುಡ್ಡಗಳೆಲ್ಲ ಹಸಿರಾಗುವ ಫೆಬ್ರವರಿಯಲ್ಲಿ ಅವರು ಹೋದರು. ಕೊನೆಯ ವಾರ ಗಿಲ್‌ರಾಯ್‌ನವನು ಬಂದು ಹಾಸಿಗೆಯ ಪಕ್ಕ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಆಫ್ರಿಕಾಕ್ಕೆ ತಾನೂ ಹೋಗುವುದಿಲ್ಲ ಎಂದ. ಇವರು ಕೈ ಅಲ್ಲಾಡಿಸಿ ಹೋಗು ಎಂದರು. ಹೇಗಿದ್ದೀರಿ ಎಂದು ನಾನು ಕೇಳಿದಾಗಲೆಲ್ಲ ಅದೇ ಉತ್ತರ. ಸರಿಯಿದೆ ಕಣೇ. ಕಡೆಯ ದಿನ ಬಾಯಿ ಮಾತ್ರ ಆಡಿತು, ದನಿ ಹೊರಡಲಿಲ್ಲ. ಆದರೂ ನನಗೆ ಅರ್ಥವಾಯಿತು. ಸಿಟ್ಟೂ ಬಂತು. ಸರಿಯಿಲ್ಲ ಎಂದು ಒಂದು ಸಲ ಹೇಳಿದ್ದರೆ ನಾನು ಅವರನ್ನು ತಬ್ಬಿಕೊಂಡು ಅಳಬಹುದಿತ್ತು.

ಜೂನ್‌ನಲ್ಲಿ ಅವನೊಬ್ಬನೇ ಆಫ್ರಿಕಾಕ್ಕೆ ಹೋದ. ವಾಪಸು ಬಂದ ಮೇಲೆ ಒಂದು ಶನಿವಾರ ಮಧ್ಯಾಹ್ನ ನಮ್ಮ ಬಾಗಿಲಿಗೆ ಬಂದ. ಕೈಯಲ್ಲಿ ಐಸ್ ಪೆಟ್ಟಿಗೆ. ಎಮ್ಮೆಯ ಮಾಂಸ ತರುವ ಹಾಗಿಲ್ಲವಲ್ಲ, ಅದಕ್ಕೆ ತನ್ನ ಗುಡ್ಡದ ಹಂದಿಯನ್ನು ತಂದಿದ್ದ.

"ಅಲ್ಲಿ ಪಾಲು ನಾನೇ ಹಾಕಿದೆ, ಮ್ಯಾಮ್," ಎಂದ ತನ್ನ ಇಂಗ್ಲಿಷಿನಲ್ಲಿ. "ಅವನಿಗೂ ಒಂದು ಇಟ್ಟೆ. ಯಾರದು ಅಂತ ಕೇಳಿದರು. ಬರಬೇಕಾಗಿದ್ದವನದು ಅಂದೆ. ಕ್ಯಾಂಪಿನ ಅಡುಗೆಯವನು ಅದನ್ನು ಮನೆಗೆ ಒಯ್ದ."

"ಬಂದವರಿಗೆ ತಾನೇ ಪಾಲು?" ನನ್ನ ದನಿ ಒರಟಾಗಿತ್ತು. "ಅವರು ಬರಲಿಲ್ಲವಲ್ಲ."

"ಜೀಪಿನಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಯಾರನ್ನೂ ಕೂರಿಸಲಿಲ್ಲ," ಎಂದ.

ನಾನು ಪೆಟ್ಟಿಗೆ ತೆಗೆದುಕೊಂಡು ಒಳಗೆ ಹೋದೆ. ಅಳುವುದಕ್ಕಿಂತ ಮೆಣಸು ಹುರಿಯುವುದು ಸುಲಭ. ಕಾಚಂಪುಳಿ ಬಾಟಲಿಯ ತಳದಲ್ಲಿ ಇನ್ನೂ ಸ್ವಲ್ಪ ಇತ್ತು, ಅವರೇ ಊರಿನಿಂದ ತಂದದ್ದು. ಪಕ್ಕದ ಒಲೆಯಲ್ಲಿ ಅಕ್ಕಿತರಿಯ ಉಂಡೆ ಕಡಂಬುಟ್ಟು ಹಬೆಯಾಡುತ್ತಿತ್ತು. ಎಂದಿನ ಹಾಗೆ ಎಂದಿನ ಚಮಚದಲ್ಲೇ ಉಪ್ಪು ಹಾಕಿದೆ. ಸೌಟಿನಲ್ಲಿ ತೆಗೆದು, "ಉಪ್ಪು ನೋಡಿ" ಎನ್ನುತ್ತಾ ತಿರುಗಿದೆ. ಅಭ್ಯಾಸ. ಫ್ರಿಜ್ಜಿನ ಪಕ್ಕ ಅವರು ನಿಲ್ಲುತ್ತಿದ್ದ ಜಾಗ ಖಾಲಿ ಇತ್ತು.

ಊಟದ ಮೇಜಿನ ಹತ್ತಿರ ಅವನು ಕಾಯುತ್ತಿದ್ದ. ಅವನನ್ನು ಕರೆಯಬಹುದಿತ್ತು, ಮನಸ್ಸು ಬರಲಿಲ್ಲ. ಆ ಸಾರನ್ನು ನನ್ನದೇ ಅಂಗೈಗೆ ಹಾಕಿಕೊಂಡೆ. ಅಪ್ಪ, ಅಮ್ಮ, ಮೈಸೂರು, ಮಡಿ, ಎಲ್ಲರಿಗೂ ಮನಸ್ಸಿನಲ್ಲೇ ಕ್ಷಮಿಸಿ ಎಂದು ನೆಕ್ಕಿದೆ.

ಉಪ್ಪು. ಬರೀ ಉಪ್ಪು. ನಾಲಿಗೆ ಸೇದಿಹೋಯಿತು. ಯಾರೂ ಎರಡನೇ ತುತ್ತು ತಿನ್ನಲಾಗದಂಥ ಉಪ್ಪು.

ಪಾತ್ರೆಯನ್ನು ಹಾಗೇ ತಂದು ಅವನ ಮುಂದಿಟ್ಟೆ. "ಯಾವಾಗಲೂ ಹೀಗೇ ಇರುತ್ತಿತ್ತಾ?" ಎಂದು ಕೇಳಿದೆ.

ಅವನು ಟೋಪಿಯನ್ನು ನೋಡಿಕೊಂಡ. ಆಮೇಲೆ ಹೌದೆಂದು ತಲೆಯಾಡಿಸಿದ.

"ಯಾರಾದರೂ ಒಬ್ಬರು ಹೇಳಬಾರದಿತ್ತಾ?"

"ಹೇಳೋಣ ಅಂತಿದ್ದೆ, ಮ್ಯಾಮ್. ಅವನು ಬಿಡಲಿಲ್ಲ. ಅವಳಿಗೆ ಹೇಳಿದರೆ ಆಫ್ರಿಕಾಕ್ಕೆ ನೀನೊಬ್ಬನೇ ಹೋಗಬೇಕಾಗುತ್ತೆ ನೋಡು ಅಂದಿದ್ದ." ತಟ್ಟೆಯನ್ನು ಹತ್ತಿರಕ್ಕೆ ಎಳೆಯುವವನ ಹಾಗೆ ಕೈ ಚಾಚಿ ಅವನೇ ಹೇಳಿದ, "ನಾನು ಹೇಳಲೇ ಇಲ್ಲ. ಆದರೂ ಒಬ್ಬನೇ ಹೋದೆ."

ದೊಡ್ಡ ಚೊಂಬಿನಲ್ಲಿ ನೀರು ತಂದು ನಡುವೆ ಇಟ್ಟೆ. ಎರಡು ತಟ್ಟೆ ಹಾಕಿ, ಅವನ ಪಾಲನ್ನು ಅವನಿಗೆ ಬಡಿಸಿ, ನನ್ನ ಪಾಲನ್ನು ನಾನು ಬಡಿಸಿಕೊಂಡು ಕೂತೆ.