ಒಂದೇ ಕಡ್ಡಿಯ ಕಾಯಿ

ತೊಂಬತ್ತರ ದಶಕದಲ್ಲಿ ನಾನು ಅಥಣಿಯ ಒಂದು ಸಣ್ಣ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಕಾಗವಾಡ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರಿಗೆ ರಕ್ತದ ಕ್ಯಾನ್ಸರ್ ಇರಬಹುದೆಂದು, ಅವರ ರಕ್ತವನ್ನು ವರ್ಣತಂತು ಪರೀಕ್ಷೆಗೆ ಮುಂಬೈಗೆ ಕಳಿಸಿದ್ದೆವು. ಅನುಮಾನ ನಿಜವಾಗಿತ್ತು. ಡಾಕ್ಟರು ಗುಳಿಗೆ ಬರೆದುಕೊಟ್ಟ ಮೇಲೆ ಅವರು ವರದಿ ಹಿಡಿದು ನೇರ ನನ್ನ ಮೇಜಿಗೆ ಬಂದರು.

“ನಂದು ಹೆಂಗರ ಇರ್ಲಿ ಸರ. ಇದು ವಂಶದಾಗ ಹರೀತೈತೇನ್ರಿ? ಮಗಳ ಲಗ್ನದ ಮಾತು ನಡದೈತಿ. ಬೀಗರು ಕೇಳಾಕತ್ತಾರ.”

ಇಲ್ಲ ಎಂದೆ. ಅವರು ಏಳಲಿಲ್ಲ. ಹಾಳೆಯ ಮೇಲೆ ಎರಡು ವರ್ಣತಂತು ಗೀಚಿ, ಇವುಗಳ ತುದಿ ಅದಲುಬದಲಾಗಿವೆ, ಅದೂ ರಕ್ತದ ಜೀವಕೋಶಗಳಲ್ಲಿ ಮಾತ್ರ, ಹುಟ್ಟಿನಿಂದ ಬಂದದ್ದಲ್ಲ ಎಂದೆ. ಅವರು ಹಾಳೆಯನ್ನು ತಮ್ಮತ್ತ ಎಳೆದುಕೊಂಡರು.

“ಅಂದ್ರ ಬಳ್ಳಿ ಎಲ್ಲಾ ಸರಿ ಐತಿ, ಒಂದ ಕಡ್ಡಿ ಅಷ್ಟ ಬ್ಯಾರೆ ಕಾಯಿ ಬಿಟ್ಟಂಗ?”

“ಹಂಗೂ ಆಗ್ತೈತೇನ್ರಿ?” ಎಂದು ನಾನೇ ಕೇಳಿದೆ.

“ಏನ್ ಸಾಯನ್ಸ್ ಕಲ್ತೀರಿ ನೀವು! ನಮ್ಮ ತ್ವಾಟದಾಗ ಆಗೈತಿ. ಗುಂಡನ ಕಾಯಿ ಬಳ್ಳ್ಯಾಗ ಒಂದ ಕಡ್ಡಿಗೆ ಉದ್ದನ ಕಾಯಿ. ಬಾಜೂ ಕಡ್ಡಿಗೆ ಏನೂ ಆಗಿಲ್ಲ. ಆ ಕಡ್ಡೀನ ಕತ್ತರಿಸಿ ನೆಟ್ರ ಅಷ್ಟ ಮುಂದ ಹರೀತೈತಿ.” ಹೇಳಿ ನಕ್ಕರು. “ನನ್ನ ಯಾರ ಕತ್ತರಿಸಿ ನೆಡ್ತಾರ್ರಿ?”

ಬೀಗರಿಗೆ ಹೇಳಲು ಮಾತು ಸಿಕ್ಕಿತ್ತು. ಟೋಪಿ ಹಾಕಿಕೊಂಡು ಹೊರಟರು. ಮುಂದಿನ ತಿಂಗಳು ಲಗ್ನಪತ್ರಿಕೆ ಲ್ಯಾಬಿಗೂ ಬಂತು.

ಆಮೇಲೆ ಅಂಥ ವರದಿ ಬಂದಾಗಲೆಲ್ಲ ಕಡ್ಡಿಯ ಉದಾಹರಣೆಯನ್ನೇ ಕೊಟ್ಟೆ. ರಾಯಬಾಗದ ಕಬ್ಬಿನವರ ಮುಂದೆ ಮಾತ್ರ ಅದನ್ನು ಎತ್ತಲಿಲ್ಲ. ಅವರು ನೆಡುವುದೆಲ್ಲ ಜಲ್ಲೆ ಕತ್ತರಿಸಿಯೇ.