ಬೆಲ್ಟಿನ ಸದ್ದು

ಅಮ್ಮನ ಆ ದಿನದ ಸೀರೆ ನಿಜಕ್ಕೂ ಹಸಿರಾಗಿತ್ತೋ, ನಾನೇ ಆಮೇಲೆ ಬಣ್ಣ ಹಚ್ಚಿಕೊಂಡೆನೋ, ಈಗ ಹೇಳಲಾರೆ. ಎಪ್ಪತ್ತರ ದಶಕದ ಕೊನೆಯಲ್ಲಿ ಹೊನ್ನಾಳಿಯ ನಮ್ಮ ಬೀದಿಯಲ್ಲಿ ಹಿಟ್ಟಿನ ಗಿರಣಿ ಇದ್ದದ್ದಂತೂ ನಿಜ. ಅದನ್ನು ನಡೆಸುತ್ತಿದ್ದವನನ್ನು ಎಲ್ಲರೂ ಗಿರಣಿಯಣ್ಣ ಎನ್ನುತ್ತಿದ್ದರು. ಆ ಗದ್ದಲದಲ್ಲಿ ಹೆಂಗಸರು ಎಷ್ಟು ಕೂಗಿದರೂ ಅವನು ತಿರುಗುತ್ತಿರಲಿಲ್ಲ. ಬೀಳುವ ಹಿಟ್ಟನ್ನು ಎರಡು ಬೆರಳಲ್ಲಿ ಉಜ್ಜಿ ನೋಡುತ್ತ ನಿಂತಿರುತ್ತಿದ್ದ.

ಯಾರಾದರೂ ಭುಜ ತಟ್ಟಿ, “ಕಿವುಡಣ್ಣಾ, ನನ್ನ ರಾಗಿ ಮುಂದಿನ ಸಂಕ್ರಾಂತಿಗೆ ಬೀಸ್ತೀಯೇನು?” ಎಂದರೆ ಅವನದು ಒಂದೇ ಉತ್ತರ: “ಎಲ್ಲಾ ಕೇಳಾಕೆ ಹೋದ್ರೆ ಏನೂ ಕೇಳಂಗಿಲ್ಲ ಕಣ್ರಕ್ಕ.”

ಒಂದು ದಿನ ಹಿಟ್ಟು ಉಜ್ಜುತ್ತಿದ್ದವನು ಥಟ್ಟನೆ ತಿರುಗಿ, ಗಿರಣಿ ಓಡಿಸುವ ಬೆಲ್ಟನ್ನು ಕೋಲಿನಿಂದ ಚಕ್ರದ ಮೇಲಿಂದ ಕೆಡವಿದ. ಅಮ್ಮನ ಸೆರಗು ಅದಕ್ಕೆ ಸಿಕ್ಕಿ, ಕುತ್ತಿಗೆ ಬಿಗಿಯತೊಡಗಿತ್ತು.

ಉಸಿರು ಬಂದ ಮೇಲೆ ಅಮ್ಮ ಕೇಳಿದಳು, “ನಾನು ಕೂಗೇ ಇಲ್ವಲ್ಲಣ್ಣ, ಹೆಂಗೆ ಗೊತ್ತಾತು?”

“ಕೂಗಿದ್ರೆ ಕೇಳ್ತಿರಲಿಲ್ಲ ಬಿಡ್ರಕ್ಕ. ಬೆಲ್ಟಿನ ಸದ್ದು ಬದಲಾತು.”

ಅವನು ನಮ್ಮ ಬೀದಿಯವನು ಎನ್ನುವಾಗ ಇವತ್ತಿಗೂ ನನ್ನ ದನಿ ಏರುತ್ತದೆ. ಅಮ್ಮನ ಪಕ್ಕದಲ್ಲೇ ನಾನೂ ನಿಂತಿದ್ದೆ. ಆ ಬದಲಾದ ಸದ್ದು ಹೇಗಿತ್ತೆಂದು ಮಾತ್ರ ನನಗೆ ಗೊತ್ತಿಲ್ಲ.